ಓಲೆಗರಿಗಳನ್ನು ಸಾಗಿಸಿದ ವರ್ಷ

೬ ಜೂನ್ ೧೯೮೩, ಸೋಮವಾರ

ಇವತ್ತಿನಿಂದ ಬರೆದಿಡಬೇಕೆಂದು ಕೂತಿದ್ದೇನೆ. ಕಚೇರಿಯ ವಿಷಯ ಮಾತ್ರ. ವರ್ಷದ ಕೊನೆಗೆ ನನಗೆ ನಿವೃತ್ತಿ. ಅಷ್ಟರೊಳಗೆ ನಮ್ಮ ವಿಭಾಗ ಹಳೇ ಕಟ್ಟಡ ಬಿಟ್ಟು ಹೊಸ ಕ್ಯಾಂಪಸ್ಸಿಗೆ ಹೋಗಬೇಕೆಂದು ವಿಶ್ವವಿದ್ಯಾಲಯ ತೀರ್ಮಾನಿಸಿದೆ. ವಿಭಾಗ ಎಂದರೆ ಗ್ರಂಥಾಲಯದ ಹಿಂಬದಿಯ ಒಂದು ಉದ್ದನೆಯ ಕೋಣೆ, ಅಷ್ಟೆ. ಅದರಲ್ಲಿ ಓಲೆಗರಿಯ ಕಟ್ಟುಗಳು, ಕಲ್ಲಚ್ಚಿನಲ್ಲಿ ಮುದ್ರಣವಾದ ಹಳೇ ಪುಸ್ತಕಗಳು, ಊರೂರಿನ ಮನೆತನಗಳು ಕೊಟ್ಟ ಕಾಗದಪತ್ರಗಳು. ಎಷ್ಟೋ ಪುಟಗಳು ಬೆರಳು ತಾಗಿದರೆ ಅಂಚು ಉದುರಿಸುತ್ತವೆ. ಇವನ್ನು ಲಾರಿಯಲ್ಲಿ ಸಾಗಿಸಬೇಕು.

ನಮ್ಮ ಮುಖ್ಯ ಗ್ರಂಥಪಾಲಕರಾದ ಪರಮಶಿವಯ್ಯನವರು ಕರೆದು ಕೂರಿಸಿಕೊಂಡು ಹೇಳಿದರು: "ಸೋಮಲಿಂಗಪ್ಪನೋರೆ, ಇದು ನಿಮ್ಮ ಕೈಲೇ ಆಗ್ಬೇಕು. ಆಮೇಲೆ ನಿಮ್ಮನ್ನ ಮನೇಗೆ ಬಿಡೋ ಹಾಗೂ ಇಲ್ಲ. ಓಲೆಗರಿಗೆ ವಿಶೇಷಾಧಿಕಾರಿ ಅಂತ ಇನ್ನೊಂದು ವರ್ಷ ಇಟ್ಕೊಳ್ಳೋಣ. ಮೇಲಿನೋರ ಹತ್ರ ಮಾತಾಡಿದೀನಿ."

ಆಗಲಿ ಸಾರ್ ಎಂದೆ. ಹೊರಗೆ ಬಂದವನೇ ಕೋಣೆಗೆ ಹೋಗಿ ಅಲಮಾರಿಗಳನ್ನೆಲ್ಲ ಒಂದು ಸುತ್ತು ನೋಡಿದೆ. ಈ ಮಾತಿಗಾಗಿ ಎಷ್ಟು ದಿನದಿಂದ ಕಾಯುತ್ತಿದ್ದೆನೆಂದು ನನಗೇ ಗೊತ್ತಿರಲಿಲ್ಲ.

ಸಹಾಯಕ್ಕೆ ಎರವಲು ವಿಭಾಗದಿಂದ ವಾರಿಜಾ ಎಂಬಾಕೆಯನ್ನು ಹಾಕಿದ್ದಾರೆ. ಮೂವತ್ತು ದಾಟಿದ ಹೆಂಗಸು, ಮಾತು ಜಾಸ್ತಿ. ಓಲೆಕಟ್ಟನ್ನು ಒಂದೇ ಕೈಯಲ್ಲಿ, ತರಕಾರಿ ಚೀಲ ಎತ್ತಿದ ಹಾಗೆ ಎತ್ತಿದಳು. ಗದರಿದೆ. ಬೀಗದಕೈ ನನ್ನ ಹತ್ತಿರವೇ ಇರುತ್ತದೆ.

ಮನೆಯಾಕೆಗೆ ವಿಶೇಷಾಧಿಕಾರಿಯ ವಿಷಯ ಹೇಳಲಿಲ್ಲ. ಆರ್ಡರ್ ಬರಲಿ.

೧೩ ಜೂನ್, ಸೋಮವಾರ

ಕಟ್ಟುವ ಕ್ರಮ ಹೀಗೆಂದು ನಿರ್ಧರಿಸಿದೆ. ಪ್ರತಿ ಓಲೆಕಟ್ಟಿನ ಮೇಲೂ ಕೆಳಗೂ ಮರದ ಹಲಗೆ, ಸುತ್ತ ಹತ್ತಿಯ ದಾರ, ಅದರ ಮೇಲೆ ಕೆಂಪು ಬಟ್ಟೆ. ದಾರ ಬಿಗಿಯಾದರೆ ಗರಿ ಸೀಳುತ್ತದೆ, ಸಡಿಲವಾದರೆ ಒಂದಕ್ಕೊಂದು ಉಜ್ಜಿ ಅಕ್ಷರ ಹೋಗುತ್ತದೆ. ವಾರಿಜಾಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟಿದ್ದೇನೆ. "ನಾನೂ ಒಂದು ಕಟ್ಲಾ ಸಾರ್?" ಎಂದು ಕೇಳಿದಳು. ಬೇಡ ಎಂದೆ.

ಇಡೀ ದಿನಕ್ಕೆ ಒಂದು ಅಲಮಾರಿಯೂ ಮುಗಿಯಲಿಲ್ಲ. ಮನೆಗೆ ಬಂದಾಗ ಕತ್ತಲಾಗಿತ್ತು. ಊಟ ಮಾಡಿದೆ. ಏನಿತ್ತೋ ನೆನಪಿಲ್ಲ.

೨೦ ಜೂನ್, ಸೋಮವಾರ

ಶುಕ್ರವಾರ ಬೆಳಿಗ್ಗೆ ಮನೆಯಾಕೆ ಬಚ್ಚಲಲ್ಲಿ ಬಿದ್ದಳು. ಲಕ್ವ ಹೊಡೆದಿದೆ. ಬಲಗೈ, ಬಲಗಾಲು ಆಡುತ್ತಿಲ್ಲ. ಮಾತು ನಿಂತಿದೆ. ಆಸ್ಪತ್ರೆಯಲ್ಲಿದ್ದಾಳೆ.

ರಜೆ ಬರೆದುಕೊಟ್ಟೆ.

೨೮ ಜೂನ್, ಮಂಗಳವಾರ

ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ವಾರ್ಡಿನ ತುಂಬ ಕ್ರಿಕೆಟ್ಟಿನ ಮಾತು, ಯಾರೋ ಲಾಡು ಹಂಚಿದರು. ಅವಳ ಅಂಗೈಯಲ್ಲೂ ಒಂದು ಇಟ್ಟುಹೋದರು. ಬಲ ಅಂಗೈ. ಲಾಡು ಉರುಳಿ ಮಂಚದ ಕೆಳಗೆ ಹೋಯಿತು. ಅವಳು ಕೈಯನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಕೈ ಅಲ್ಲಿ ಬಂದು ಮಲಗಿದೆ ಎನ್ನುವ ಹಾಗೆ.

ನಾನು ಅಲ್ಲಿ ಕೂತು ಏನು ಮಾಡಬೇಕೆಂದು ತಿಳಿಯದೆ ಪಕ್ಕದ ಮಂಚದವರ ಪೇಪರ್ ಓದಿದೆ. ಕಚೇರಿಯಲ್ಲಿ ಏನಾಗುತ್ತಿದೆಯೋ. ಮಳೆ ಶುರುವಾದರೆ ಕಿಟಕಿಯ ಕಡೆಯ ಅಲಮಾರಿಗೆ ಎರಚಲು ಬಡಿಯುತ್ತದೆ.

೫ ಜುಲೈ, ಮಂಗಳವಾರ

ತ್ಯಾಗರಾಜನಗರದ ಮನೆಗೆ ಕರೆತಂದೆ. ನಮಗೆ ಮಕ್ಕಳಿಲ್ಲ. ಅವಳ ತಮ್ಮ ತುರುವೇಕೆರೆಯಿಂದ ಬಂದು ನಾಲ್ಕು ದಿನ ಇದ್ದು ಹೋದ. ಎದುರು ಮನೆಯವರು ಮುನಿಯಕ್ಕನನ್ನು ಗೊತ್ತುಮಾಡಿಕೊಟ್ಟಿದ್ದಾರೆ. ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬಂದು ಸಂಜೆಗೆ ಹೋಗುತ್ತಾಳೆ. ಗಟ್ಟಿ ಹೆಂಗಸು. ಬಂದವಳೇ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು.

ಮನೆಯಾಕೆ ಇವತ್ತು ಒಂದು ಮಾತು ಆಡಿದಳು. "ಅದೇ." ನೀರು ಬೇಕಾ ಎಂದರೆ ಅದೇ. ಬೇಡವಾ ಎಂದರೂ ಅದೇ. ನನ್ನ ಹೆಸರಿಗೂ ಅದೇ, ಗಡಿಯಾರಕ್ಕೂ ಅದೇ. ಮನಸ್ಸಿನಲ್ಲಿ ಎಲ್ಲ ಇದೆ, ನಾಲಿಗೆಗೆ ಬರುವುದಿಲ್ಲ, ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು.

೧೪ ಜುಲೈ, ಗುರುವಾರ

ವಾರಿಜಾ ಮನೆ ಹುಡುಕಿಕೊಂಡು ಬಂದಿದ್ದಳು. ಕಲ್ಲಚ್ಚಿನ ಪುಸ್ತಕಗಳನ್ನು ನಿಲ್ಲಿಸಿ ತುಂಬುವುದೋ ಮಲಗಿಸಿ ತುಂಬುವುದೋ ಎಂದು ಕೇಳಲು. ಮಲಗಿಸಿ, ನಡುವೆ ರಟ್ಟು ಇಡು ಎಂದೆ. ನಾನು ಬರುವ ತನಕ ಓಲೆಗರಿ ಮುಟ್ಟಬೇಡ ಎಂದೂ ಹೇಳಿದೆ. ಅದರ ಅಲಮಾರಿಗಳ ಬೀಗದಕೈ ನನ್ನಲ್ಲಿಯೇ ಇದೆಯಲ್ಲ.

ಅವಳು ಹೋಗದೆ ಮನೆಯಾಕೆಯ ಹತ್ತಿರ ಕೂತಳು. ಬಿಟಿಎಂ ಲೇಔಟಿನಲ್ಲಿ ತಾನು ಹೊಸದಾಗಿ ಮಾಡಿರುವ ಮನೆ, ಸುತ್ತ ಖಾಲಿ ಸೈಟುಗಳು, ನಲ್ಲಿಯಲ್ಲಿ ಬಾರದ ನೀರು ಎಲ್ಲ ಹೇಳಿದಳು. ಮನೆಯಾಕೆ ನಡುನಡುವೆ "ಅದೇ" ಎನ್ನುತ್ತಿದ್ದಳು. ಹೊರಗೆ ನಿಂತು ಕೇಳಿದವರಿಗೆ ಇಬ್ಬರೂ ಹರಟೆ ಹೊಡೆಯುತ್ತಿದ್ದಾರೆ ಅನಿಸಬೇಕು.

ಮೊದಲೆಲ್ಲ ನಾನು ಮನೆಯಾಕೆಯ ಹತ್ತಿರ ಏನು ಮಾತಾಡುತ್ತಿದ್ದೆ ಎಂದು ಯೋಚಿಸಿದೆ. ಬಂದೆ. ಹೋಗಿಬರ್ತೀನಿ. ಸಾರಿಗೆ ಉಪ್ಪು ಸಾಲದು.

೨೪ ಜುಲೈ, ಭಾನುವಾರ

ಮುನಿಯಕ್ಕನಿಗೆ ರಜೆ. ಮನೆಯಾಕೆಯ ತಲೆ ಬಾಚುವ ಕೆಲಸ ನನಗೆ ಬಂತು. ಮಂಗಳಾಳ ಕೂದಲು ಇಷ್ಟು ಉದ್ದ ಇದೆಯೆಂದು ತಿಳಿದಿರಲಿಲ್ಲ. ಜಡೆ ಹಾಕಲು ಬರಲಿಲ್ಲ. ಮೂರು ಎಳೆಯಲ್ಲಿ ಯಾವುದು ಯಾವುದರ ಮೇಲೆ ಹೋಗಬೇಕೆಂಬುದೇ ತಪ್ಪುತ್ತಿತ್ತು. ಕೊನೆಗೆ ದಾರ ತಂದು ಓಲೆಕಟ್ಟಿಗೆ ಹಾಕುವ ಗಂಟು ಹಾಕಿದೆ.

೨೫ ಜುಲೈ, ಸೋಮವಾರ

ಮುನಿಯಕ್ಕ ಜಡೆ ನೋಡಿ ಬಾಗಿಲಲ್ಲೇ ನಿಂತಳು. "ಏನ್ ಸಾಮಿ ಇದು, ಹುಲ್ಲೊರೆ ಕಟ್ದಂಗ್ ಕಟ್ಟಿದೀರಲ್ಲ."

ಮಂಗಳಾ ನಕ್ಕಳು. ಬಾಯಿಯ ಒಂದು ಬದಿ ಮಾತ್ರ ಮೇಲೆ ಹೋಯಿತು, ಆದರೂ ನಗುವೇ. ಮುನಿಯಕ್ಕ ನನ್ನನ್ನು ಕೂರಿಸಿ ಜಡೆ ಹೆಣೆಯುವುದು ಕಲಿಸಿದಳು. "ಎಡಗಡೇದು ನಡೂಕೆ, ಬಲಗಡೇದು ನಡೂಕೆ. ಅಷ್ಟೇಯ. ಇದಕ್ಕೇನ್ ಬಿಯೆ ಓದ್ಬೇಕಾ?"

೩ ಆಗಸ್ಟ್, ಬುಧವಾರ

ಕಚೇರಿಗೆ ಹೋಗಲು ಶುರುಮಾಡಿ ಮೂರು ದಿನವಾಯಿತು. ಪರಮಶಿವಯ್ಯನವರು ವಿಚಾರಿಸಿದರು, ಆಮೇಲೆ ಮೆತ್ತಗೆ, "ಸೆಪ್ಟೆಂಬರೊಳಗೆ ಕೋಣೆ ಖಾಲಿ ಮಾಡ್ಕೊಡಿ ಅಂತಿದಾರೆ" ಎಂದರು. ಒಬ್ಬನಿಗೇ ಆಗದು. ವಾರಿಜಾಳಿಗೆ ದಾರ ಕಟ್ಟುವುದು ಹೇಳಿಕೊಟ್ಟೆ. ಬಿಗಿ ಎಷ್ಟಿರಬೇಕು ಸಾರ್ ಎಂದಳು. ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಾಗ ಎಷ್ಟು ಬಿಗಿ ಇರುತ್ತದೋ ಅಷ್ಟು ಎಂದೆ. ಎಲ್ಲಿಂದ ಬಂತೋ ಆ ಮಾತು. ಅವಳು ನನ್ನ ಮುಖ ನೋಡಿದಳು, ಆಮೇಲೆ ಸರಿಯಾಗಿ ಕಟ್ಟಿದಳು.

ನಾಲ್ಕು ಗಂಟೆಗೇ ಹೊರಟೆ. ಈಗ ಸಂಜೆ ಮುನಿಯಕ್ಕನ ಬಸ್ಸು ಹೊರಡುವ ಮುಂಚೆ ನಾನು ಮನೆಯಲ್ಲಿರಬೇಕು.

೨೨ ಆಗಸ್ಟ್, ಸೋಮವಾರ

ಶ್ರಾವಣ ಸೋಮವಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಬೆಳಿಗ್ಗೆ ನನ್ನ ಸ್ನಾನ ಮುಗಿಸಿ ಬಂದಾಗ ಮಂಗಳಾ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯಿಂದಲೇ ಹೇಗೋ ಕತ್ತಿನ ಕರಡಿಗೆ ತೆರೆದು ಇಷ್ಟಲಿಂಗವನ್ನು ಅಂಗೈಗೆ ಇಳಿಸಿಕೊಂಡಿದ್ದಳು. ಕಾಯಿಲೆ ಬಿದ್ದ ಮೇಲೆ ಪೂಜೆ ಇರಲಿಲ್ಲ. ಮುನಿಯಕ್ಕ ದಿನಾ ಬೆಳಿಗ್ಗೆ ಅವಳ ಹಣೆಗೆ ವಿಭೂತಿ ಇಟ್ಟು ಕೈ ಮುಗಿಸುತ್ತಿದ್ದಳು, ಅಷ್ಟೆ. ಈಗ ಎಡ ಅಂಗೈಯಲ್ಲಿ ಲಿಂಗ ಇದೆ, ಪಕ್ಕದಲ್ಲಿ ನನ್ನ ಪೂಜೆಯ ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ ಇದೆ, ಏರಿಸುವ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಅವಳು ಆ ಕೈಯನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರು ಬಂದಿರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಗಂಡನೂ ಅಷ್ಟೆ. ನಾನು ಪತ್ರೆ ಏರಿಸಿದರೆ ಅದು ನನ್ನ ಪೂಜೆಯಾಗುತ್ತದೆ, ಅವಳದಲ್ಲ.

ಪಕ್ಕದಲ್ಲಿ ಕೂತೆ. ಅವಳ ಬಲಗೈಯನ್ನು ಮಣಿಕಟ್ಟಿನ ಕೆಳಗೆ ಹಿಡಿದು ಎತ್ತಿದೆ. ಮಡಿಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಂಟಿಕೊಂಡ ಪುಟ ಬಿಡಿಸುವಾಗ ಅವಸರ ಮಾಡಬಾರದು ಎಂಬುದು ಮಾತ್ರ ನನಗೆ ಗೊತ್ತಿರುವ ವಿದ್ಯೆ. ಬೆರಳ ನಡುವೆ ಪತ್ರೆ ಸಿಕ್ಕಿಸಿ ಕೈಯನ್ನು ಲಿಂಗದ ಮೇಲಕ್ಕೆ ತಂದು ಸ್ವಲ್ಪ ಓರೆ ಮಾಡಿದೆ. ಪತ್ರೆ ಬಿತ್ತು. ಇನ್ನೊಂದು. ಮತ್ತೊಂದು. ಅವಳ ಕೈಯೇ ಏರಿಸಿದ್ದು, ನಾನು ಬರಿ ಹಿಡಿದುಕೊಂಡಿದ್ದೆ.

ಮುಗಿದ ಮೇಲೆ ಅವಳು "ಅದೇ" ಎಂದಳು. ಬಹಳ ನಿಧಾನವಾಗಿ.

ಕಚೇರಿಗೆ ತಡವಾಗಿ ಹೋದೆ.

೧೧ ಸೆಪ್ಟೆಂಬರ್, ಭಾನುವಾರ

ಹಬ್ಬ. ಕಡುಬು ಮುನಿಯಕ್ಕನದು, ಸಾರು ನನ್ನದು. ಮಂಗಳಾ ಸಾರು ಬಾಯಿಗಿಟ್ಟು ಉಪ್ಪಿನ ಡಬ್ಬಿಯ ಕಡೆ ಕೈ ತೋರಿಸಿ "ಅದೇ" ಎಂದಳು. ಈ 'ಅದೇ' ಯಾವುದು ಎಂದು ಈಗ ನನಗೆ ಗೊತ್ತಾಗುತ್ತದೆ. ಬೇಕು ಎನ್ನುವುದಕ್ಕೆ ಕೊನೆಯಲ್ಲಿ ದನಿ ಮೇಲೆ ಹೋಗುತ್ತದೆ. ಬೇಡ ಎನ್ನುವುದು ಮೊಟಕು. ಸಿಟ್ಟಿನದಕ್ಕೆ ಹುಬ್ಬೂ ಸೇರುತ್ತದೆ. ಇನ್ನೊಂದಿದೆ, ಬರಿ ಉಸಿರಿನಲ್ಲಿ ಹೇಳುವುದು. ಅದರ ಅರ್ಥ ಇನ್ನೂ ಹಿಡಿಯಲಾಗಿಲ್ಲ.

೨೬ ಸೆಪ್ಟೆಂಬರ್, ಸೋಮವಾರ

ಲಾರಿಗಳ ದಿನ. ಇವತ್ತು ನಾನು ಅಲ್ಲಿರಬೇಕಿತ್ತು.

ನಿನ್ನೆ ಮಧ್ಯಾಹ್ನ ಮಂಗಳಾ ಯಾರನ್ನೂ ಕರೆಯದೆ ಕೋಲು ಹಿಡಿದು ಎದ್ದುನಿಲ್ಲಲು ಹೋಗಿ ಬಿದ್ದಿದ್ದಳು. ಮೂಳೆಗೆ ಏನೂ ಆಗಿಲ್ಲ, ಆದರೆ ಹೆದರಿದ್ದಾಳೆ. ಇಡೀ ಸಂಜೆ ನನ್ನ ಅಂಗಿಯ ತುದಿ ಬಿಡಲಿಲ್ಲ. ಇವತ್ತು ಬೆಳಿಗ್ಗೆ ಮುನಿಯಕ್ಕನೂ "ಒಬ್ಳೇ ಇದ್ರೆ ನಂಗೂ ಭಯ ಸಾಮಿ" ಎಂದಳು. ಆದರೂ ಹೊರಟೆ. ಬಸ್ ಸ್ಟಾಪಿನಲ್ಲಿ ನಿಂತೆ. ಜೇಬಿನಲ್ಲಿ ಅಲಮಾರಿಗಳ ಬೀಗದಕೈ. ಬಸ್ಸು ಬಂತು, ಜನ ಹತ್ತಿದರು, ಕಂಡಕ್ಟರ್ "ಬರ್ತೀರಾ ಯಜಮಾನ್ರೆ" ಎಂದ. ಇಲ್ಲ ಎಂದೆ. ಮೆಡಿಕಲ್ ಶಾಪಿನಿಂದ ಕಚೇರಿಗೆ ಫೋನ್ ಮಾಡಿದೆ.

ವಾರಿಜಾ ಆಟೋದಲ್ಲಿ ಬಂದಳು. ಗೇಟಿನ ಹತ್ತಿರವೇ ಬೀಗದಕೈ ಕೊಟ್ಟೆ. ಕೊಟ್ಟ ಮೇಲೂ ನನ್ನ ಕೈ ಚಾಚಿಕೊಂಡೇ ಇತ್ತು.

"ಎರಡೂ ಕೈಲಿ ಎತ್ತಬೇಕು ಕಣಮ್ಮ" ಎಂದೆ.

"ಮೊದಲ್ನೇ ದಿನ ಬೈಸ್ಕೊಂಡ ಮೇಲೆ ಒಂದ್ಕೈಲಿ ಎತ್ತಿಲ್ಲ ಸಾರ್" ಎಂದಳು. "ಒಳಗೆ ಹೋಗಿ. ಅಮ್ಮ ಕಿಟಕೀಲಿ ನೋಡ್ತಿದಾರೆ."

ಹನ್ನೊಂದಕ್ಕೆ ಮೋಡ ಕವಿಯಿತು. ಮಧ್ಯಾಹ್ನ ಮಳೆ. ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ತಾಡಪಾಲು ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ, ಮೈಸೂರು ರಸ್ತೆಯ ಗುಂಡಿಗಳು, ಪೆಟ್ಟಿಗೆ ಇಳಿಸುವಾಗ ಯಾರು ಹಿಡಿಯುತ್ತಾರೋ. ಮಂಗಳಾ ಎರಡು ಸಲ ನೋಡಿದಳು, ಮೂರನೆಯ ಸಲ ಪಕ್ಕದ ಕುರ್ಚಿಯನ್ನು ಎಡಗೈಯಿಂದ ತಟ್ಟಿ "ಅದೇ" ಎಂದಳು. ಹುಬ್ಬು ಸೇರಿತ್ತು. ಕೂತೆ. ಆಮೇಲೆ ಅವಳು ನನ್ನ ಕೈಮೇಲೆ ಕೈ ಇಟ್ಟುಕೊಂಡು ಮಳೆ ನಿಲ್ಲುವ ತನಕ ತೆಗೆಯಲಿಲ್ಲ.

ಸಂಜೆ ವಾರಿಜಾ ಬಂದಳು. ಸೀರೆಯ ಅಂಚೆಲ್ಲ ಕೆಸರು.

"ಎಲ್ಲ ತಲುಪಿದೆ ಸಾರ್. ಒಂದು ಪೆಟ್ಟಿಗೆ ಮೂಲೆ ಸ್ವಲ್ಪ ನೆನೀತು. ತಕ್ಷಣ ತೆಗೆದು ನೆರಳಲ್ಲಿ ಹರಡಿ ಫ್ಯಾನ್ ಹಾಕಿದೀನಿ. ಅಕ್ಷರಕ್ಕೇನೂ ಆಗಿಲ್ಲ." ಬೈಯುತ್ತೇನೆಂದು ಕಾದು ನಿಂತಿದ್ದಳು.

"ಬಿಸಿಲಿಗೆ ಹಾಕ್ಲಿಲ್ಲ ತಾನೆ?"

"ಇಲ್ಲ ಸಾರ್."

"ಕೂತ್ಕೋ, ಕಾಫಿ ಮಾಡ್ತೀನಿ" ಎಂದೆ. ಬೀಗದಕೈ ವಾಪಸ್ ಕೊಡಲು ಬಂದಳು. ನಿನ್ನ ಹತ್ತಿರವೇ ಇರಲಿ, ನಾಳೆ ಬೆಳಿಗ್ಗೆ ಆ ನೆನೆದದ್ದನ್ನು ನೀನೇ ನೋಡಬೇಕಲ್ಲ ಎಂದೆ.

೨೩ ಅಕ್ಟೋಬರ್, ಭಾನುವಾರ

ಗೇಟಿನ ತನಕ ನಡೆದೆವು. ವಾಪಸ್ ಬರುವಾಗ ಅವಳು ನನ್ನ ತೋಳು ಬಿಟ್ಟು ಎರಡು ಹೆಜ್ಜೆ ಇಟ್ಟಳು.

೧೫ ನವೆಂಬರ್, ಮಂಗಳವಾರ

ಬೆಳಿಗ್ಗೆ ರಸ್ತೆಯ ತಿರುವಿನ ತನಕ ಹೋಗಿದ್ದೆವು. ಸೀಬೆಹಣ್ಣಿನ ಗಾಡಿಯವನು ನಿಂತಿದ್ದ. ನಾನು ಆರಿಸಿದ್ದನ್ನೆಲ್ಲ ಮಂಗಳಾ ತೆಗೆದು ಗಾಡಿಗೆ ವಾಪಸ್ ಹಾಕಿ ತಾನೇ ಆರಿಸಿದಳು, ಮೂಸಿ ಮೂಸಿ. ಗಾಡಿಯವನು, "ಅಮ್ಮನೋರಿಗೆ ಗೊತ್ತು ಸಾರ್, ನಿಮಗೆ ಗೊತ್ತಾಗಲ್ಲ" ಎಂದ. ಒಳ್ಳೆಯ ಹಣ್ಣುಗಳು. ಒಳಗೆ ಕೆಂಪು. ಬೀಜ ಅವಳಿಗೆ ಅಗಿಯಲು ಕಷ್ಟವೆಂದು ತೆಗೆದುಕೊಟ್ಟೆ. ಬಿಸಿಲು ಹಿತವಾಗಿತ್ತು, ಅಲ್ಲೇ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತೆವು.

ಉಳಿದ ರಜೆ ಹಾಕಿ ಮನೆಯಲ್ಲಿದ್ದೇನೆ, ನಿನ್ನೆ ಹೊಸ ಕೋಣೆಯ ಪ್ರಾರಂಭೋತ್ಸವ ಇತ್ತಂತೆ. ಕಾರ್ಡು ಬಂದಿದ್ದು ಮರೆತುಹೋಗಿತ್ತು.

೫ ಡಿಸೆಂಬರ್, ಸೋಮವಾರ

ವಿಶೇಷಾಧಿಕಾರಿಯ ಆರ್ಡರ್ ಬಂದಿದೆ. ಜನವರಿಯಿಂದ ಒಂದು ವರ್ಷ. ಮಂಗಳಾಳಿಗೆ ಓದಿ ಹೇಳಿದೆ. ಜೂನಿನಿಂದ ಈ ಮಾತು ನಡೆಯುತ್ತಿತ್ತು ಎಂದೂ ಹೇಳಿದೆ. ಅವಳು ಕಾಗದವನ್ನು ನನ್ನ ಕಡೆಗೆ ತಳ್ಳಿ ಬಾಗಿಲ ಕಡೆ ಕೈ ತೋರಿಸಿದಳು. ಹೋಗಿ ಎಂದು.

"ನೀನು?" ಎಂದೆ.

ಮುನಿಯಕ್ಕನ ಕಡೆ ತೋರಿಸಿದಳು, ಕೋಲಿನ ಕಡೆ ತೋರಿಸಿದಳು.

"ನಂಗೆ ಹೋಗೋಕೆ ಇಷ್ಟ ಇಲ್ಲ ಕಣೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಅವಳಿಗಾಗಿ ಸುಳ್ಳು ಹೇಳುತ್ತಿದ್ದೇನೋ ಎಂದು ಪರೀಕ್ಷೆ ಮಾಡಿದ ಹಾಗೆ. ಸುಳ್ಳಾಗಿರಲಿಲ್ಲ. ಹೇಳುವ ತನಕ ನನಗೂ ಗೊತ್ತಿರಲಿಲ್ಲ. ಆಗ ಅವಳು ಉಸಿರಿನಲ್ಲಿ "ಅದೇ" ಎಂದಳು.

೭ ಡಿಸೆಂಬರ್, ಬುಧವಾರ

ಪರಮಶಿವಯ್ಯನವರಿಗೆ ಹೇಳಿಬಂದೆ. "ಹಾಗಾದ್ರೆ ಓಲೆಗರಿ ಯಾರು ನೋಡ್ಕೋತಾರೆ?" ಎಂದರು. ವಾರಿಜಾ ಎಂದೆ. ಹಳೆಗನ್ನಡ ಲಿಪಿ ಓದುವಾಗ ಅವಳು ಇನ್ನೂ ತಡವರಿಸುತ್ತಾಳೆ, ಬೇಕಾದಾಗ ಮನೆಗೆ ಬಂದು ಕೇಳಲಿ, ನಮ್ಮ ಮನೆಯಲ್ಲಿ ಕಾಫಿ ಚೆನ್ನಾಗಿರುತ್ತದೆ ಎಂದೆ. ಅವರು ನಕ್ಕರು. ಬರುವಾಗ ಕರಿಬೇವು, ತೆಂಗಿನಕಾಯಿ ತಂದೆ.

೧೭ ಡಿಸೆಂಬರ್, ಶನಿವಾರ

ವಾರಿಜಾ ಕೇಳಿದ್ದಳು, "ಸಾರ್, ರಿಟೈರ್ ಆಗೋ ಮುಂಚೆ ಅಮ್ಮನ್ನ ಒಂದ್ಸಲ ಕರ್ಕೊಂಡ್ಬನ್ನಿ. ನೆಲ ಅಂತಸ್ತೇ, ಮೆಟ್ಲಿಲ್ಲ." ಇವತ್ತು ಆಟೋ ಮಾಡಿಕೊಂಡು ಹೋದೆವು. ಇಷ್ಟು ವರ್ಷದಲ್ಲಿ ಮಂಗಳಾ ನನ್ನ ಕೆಲಸದ ಜಾಗ ನೋಡಿದ್ದು ಇದೇ ಮೊದಲು. ಬಾ ಎಂದು ನಾನೂ ಕರೆದಿರಲಿಲ್ಲ, ಬರುತ್ತೇನೆಂದು ಅವಳೂ ಕೇಳಿರಲಿಲ್ಲ.

ಹೊಸ ಕೋಣೆ ಅಗಲವಾಗಿದೆ, ಬೆಳಕಿದೆ. ಓಲೆಕಟ್ಟುಗಳು ಕೆಂಪು ಬಟ್ಟೆಯಲ್ಲಿ ಸಾಲಾಗಿ ಮಲಗಿವೆ. ವಾರಿಜಾ ಮೇಜಿನ ಮೇಲೆ ಒಂದು ಕಟ್ಟು ತಂದಿಟ್ಟಳು, ಎರಡೂ ಕೈಯಲ್ಲಿ. ಒಂದು ಹಳ್ಳಿಯ ಮನೆತನದಿಂದ ಬಂದದ್ದು, ದನಕರುಗಳ ಕಾಯಿಲೆಗೆ ಔಷಧ ಹೇಳುವ ಓಲೆ. ಈಗಷ್ಟೇ ನಿಂಬೆಹುಲ್ಲಿನ ಎಣ್ಣೆ ಸವರಿದ್ದಳು. ಗರಿಗಳು ಒಣಗಿ ಸೀಳದ ಹಾಗೆ, ಹುಳ ಹತ್ತದ ಹಾಗೆ ನಾವು ಆಗಾಗ ಸವರುವ ಎಣ್ಣೆ.

ಮಂಗಳಾ ಎಡಗೈ ಚಾಚಿದಳು. ಹೊರಗಿನವರು ಕೈ ಚಾಚಿದರೆ ನಾನು ಗದರುವುದು ಗ್ರಂಥಾಲಯಕ್ಕೆಲ್ಲ ಗೊತ್ತು. ವಾರಿಜಾ ನನ್ನ ಕಡೆ ನೋಡಿದಳು. ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸರಿಸಿದೆ.

ಅವಳು ಒಂದು ಗರಿಯ ಮೇಲೆ ಬೆರಳಾಡಿಸಿದಳು, ಕೊರೆದ ಅಕ್ಷರಗಳ ಉದ್ದಕ್ಕೂ, ಕೊನೆಯ ತನಕ. ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದಳು. ಮೂಸಿದಳು. ಇನ್ನೊಂದು ಸಲ ಮೂಸಿದಳು. ನನ್ನ ಕಡೆ ತಿರುಗಿದಳು. ತುಟಿ ಏನನ್ನೋ ಹುಡುಕುತ್ತಿತ್ತು. ಕಾದೆವು.

"ನಿಮ್ಮ," ಎಂದಳು. ನಿಂತಳು. "ನಿಮ್ಮ ವಾಸ್ನೆ."

ವಾರಿಜಾ ಕಿಟಕಿಯ ಕಡೆಗೆ ತಿರುಗಿ ನಿಂತಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ದಿನಾ ಸಂಜೆ ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದೆ. ಒಗೆಯುತ್ತಿದ್ದವಳು ಅವಳು.

"ಇನ್ನೊಂದ್ಸಲ ಹೇಳು" ಎಂದೆ. ಅವಳು ಹೇಳಿದಳು. ಮೊದಲಿಗಿಂತ ಸ್ವಲ್ಪ ಸ್ಪಷ್ಟವಾಗಿ, ಸ್ವಲ್ಪ ತುಂಟತನದಿಂದ.

ವಾಪಸ್ ಬರುವಾಗ ಆಟೋ ನಮ್ಮ ರಸ್ತೆಗೆ ತಿರುಗಲು ಹೊರಟಿತು. ಮಂಗಳಾ ಡ್ರೈವರನ ಬೆನ್ನು ತಟ್ಟಿದಳು. ಬೇಡ, ಮುಂದಕ್ಕೆ ಎಂದು ಕೈ ಮಾಡಿದಳು. ಅವನು ಗಾಡಿ ನಿಧಾನ ಮಾಡಿ ನನ್ನನ್ನು ಕೇಳಿದ, "ಎಲ್ಲಿಗ್ ಸಾರ್?"

"ನನ್ನ ಕೇಳ್ಬೇಡ" ಎಂದೆ. "ಅವರು ತೋರಿಸಿದ ಕಡೆ ಹೋಗಪ್ಪ."

ಜಯನಗರದ ಕಡೆಗೆ ತೋರಿಸಿದಳು. ಗಾಳಿಗೆ ಅವಳ ಸೆರಗು ಹಾರುತ್ತಿತ್ತು, ಹಿಡಿದುಕೊಂಡು ಕೂತೆ. ನಾಲ್ಕನೇ ಬ್ಲಾಕಿನಲ್ಲಿ ಎಡಕ್ಕೆ ಎಂದಳು, ಕೈಯಿಂದ. ಆಮೇಲೆ ಬಲಕ್ಕೆ. ಮರಗಳಿದ್ದ ರಸ್ತೆಗಳಲ್ಲೆಲ್ಲ ಸುತ್ತಿಸಿದಳು.